ಫ್ರಾಂಚೈಸಿಗೆ ದುಡ್ಡು ಕಟ್ಟುವ ಮುಂಚೆ: ಸರ್ಕಾರದ ಬಿಟ್ಟಿ ತಾಣಗಳು ಎಷ್ಟು ಕೆಲಸಕ್ಕೆ ಬರುತ್ತವೆ?

ತನ್ನ ಹೆಸರಿನಲ್ಲಿ ಡೀಲರ್‌ಶಿಪ್, ಫ್ರಾಂಚೈಸಿ ಕೊಡುತ್ತೇವೆಂದು ಜನರಿಂದ ದುಡ್ಡು ಎತ್ತುತ್ತಿದ್ದ ನಕಲಿ ತಾಣಗಳ ವಿರುದ್ಧ ಅಮುಲ್ 2020ರಲ್ಲಿ ದೆಹಲಿ ಹೈಕೋರ್ಟ್‌ಗೆ ಹೋಗಿತ್ತು. ಅಂಥ ತಾಣಗಳು ಇಂದಿಗೂ ಬೇರೆ ಬೇರೆ ಬ್ರ್ಯಾಂಡ್‌ಗಳ ಹೆಸರಿನಲ್ಲಿ ಹುಟ್ಟುತ್ತಲೇ ಇವೆ. ಅರ್ಜಿ ತುಂಬಿದ ಕೂಡಲೇ ಫೋನ್, ಆಮೇಲೆ ವಾಟ್ಸಾಪ್‌ನಲ್ಲಿ ಅಪ್ರೂವಲ್ ಲೆಟರ್, ಜೊತೆಗೆ ನೋಂದಣಿ ಪತ್ರ, ಜಿಎಸ್‌ಟಿ ಸರ್ಟಿಫಿಕೇಟ್. ತಮಾಷೆಯೆಂದರೆ ಈ ಕಾಗದಗಳಲ್ಲಿರುವ ನಂಬರ್‌ಗಳು ಎಷ್ಟೋ ಸಲ ಅಸಲಿಯೇ. ಅಸಲಿ ಕಂಪನಿಯದನ್ನೇ ಎತ್ತಿ ಅಂಟಿಸಿರುತ್ತಾರೆ. ಹಾಗಾಗಿ ಪರಿಶೀಲನೆಗೆಂದೇ ಇರುವ ತಾಣಗಳನ್ನು ತೂಗುವಾಗ ಕೇಳಬೇಕಾದ್ದು ಒಂದೇ: ಇದು ಕಂಪನಿ ಇದೆ ಎಂದಷ್ಟೇ ಹೇಳುತ್ತದೆಯೋ, ಫೋನಿನಲ್ಲಿ ಮಾತಾಡುತ್ತಿರುವವನು ಆ ಕಂಪನಿಯವನೇ ಎಂಬುದನ್ನೂ ತಿಳಿಸುತ್ತದೆಯೋ?

ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ತಾಣ ಮೊದಲನೆಯದನ್ನು ಮಾತ್ರ ಹೇಳುತ್ತದೆ. ಮಾಸ್ಟರ್ ಡೇಟಾದಲ್ಲಿ ಕಂಪನಿ ಹುಟ್ಟಿದ ದಿನ, ನೋಂದಾಯಿತ ವಿಳಾಸ, ಪೇಯ್ಡ್-ಅಪ್ ಬಂಡವಾಳ, ಚಾಲ್ತಿಯಲ್ಲಿದೆಯೋ ಸ್ಟ್ರೈಕ್ ಆಫ್ ಆಗಿದೆಯೋ (ಅಂದರೆ ನೋಂದಣಿ ಪಟ್ಟಿಯಿಂದ ತೆಗೆದುಹಾಕಿದ್ದಾರೋ) ಎಂಬುದೆಲ್ಲ ಸಿಗುತ್ತದೆ. ತಾಣ ತೆರೆಯುವ ಮುಂಚೆಯೇ ಸಿಐಎನ್ ಅನ್ನು, ಅಂದರೆ ಕಂಪನಿಯ ಗುರುತಿನ ಸಂಖ್ಯೆಯನ್ನು, ಕಣ್ಣಲ್ಲೇ ಓದಬಹುದು. ಇನ್ಫೋಸಿಸ್‌ನದನ್ನು ನೋಡಿ: ‘ಎಲ್’, 85110, ‘ಕೆಎ’, 1981, ‘ಪಿಎಲ್‌ಸಿ’, 013115. ಒಟ್ಟು 21 ಅಕ್ಷರ. ‘ಎಲ್’ ಎಂದರೆ ಷೇರುಪೇಟೆಯಲ್ಲಿ ಲಿಸ್ಟ್ ಆದದ್ದು, ಆಗದಿದ್ದರೆ ‘ಯು’. ನಂತರ ಉದ್ಯಮದ ಸಂಕೇತ, ರಾಜ್ಯ, ನೋಂದಣಿಯಾದ ವರ್ಷ, ಕಂಪನಿಯ ಬಗೆ, ನೋಂದಣಿ ಸಂಖ್ಯೆ. ‘25 ವರ್ಷದ ಅನುಭವ’ ಎಂದು ಬರೆದುಕೊಂಡವರ ಸಿಐಎನ್ ಒಳಗೆ 2024 ಇದ್ದರೆ ಮುಂದೆ ಮಾತೇ ಬೇಡ.

ಆದರೆ ಎಂಸಿಎ ಪುಟದಲ್ಲಿ ಹೆಸರು ಸಿಕ್ಕಿತೆಂದು ಸಮಾಧಾನಪಟ್ಟರೆ ಕೆಟ್ಟಿರಿ. ನೋಯ್ಡಾದ ‘ಸೋಷಿಯಲ್ ಟ್ರೇಡ್’ ನಡೆಸುತ್ತಿದ್ದದ್ದು ನೋಂದಾಯಿತ ಪ್ರೈವೇಟ್ ಲಿಮಿಟೆಡ್ ಕಂಪನಿಯೇ. ಮೊದಲು ಸಾವಿರಗಟ್ಟಲೆ ರೂಪಾಯಿ ಕಟ್ಟಿ ಸದಸ್ಯರಾಗಬೇಕು, ಆಮೇಲೆ ಮನೆಯಲ್ಲೇ ಕೂತು ಒಂದೊಂದು ಲೈಕ್ ಒತ್ತಿದ್ದಕ್ಕೆ 5 ರೂಪಾಯಿ. 2017ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶ ಪೊಲೀಸರ ವಿಶೇಷ ಕಾರ್ಯಪಡೆ (ಎಸ್‌ಟಿಎಫ್) ಹಿಡಿಯುವ ಹೊತ್ತಿಗೆ ಮೊತ್ತ ಸುಮಾರು 3,700 ಕೋಟಿ ಎಂದು ಪೊಲೀಸರು ಹೇಳಿದ್ದರು. ಒಂದು ಲೈಕ್‌ಗೆ ಅಷ್ಟು ದುಡ್ಡು ಕೊಡುವ ಜಾಹೀರಾತುದಾರ ಯಾರು ಎಂದು ಕೇಳಿದ್ದರೆ ಸಾಕಿತ್ತು, ಅಂಥವನು ಇರಲೇ ಇಲ್ಲ. ಹೊಸಬರು ಕಟ್ಟಿದ್ದನ್ನೇ ಹಳಬರಿಗೆ ಹಂಚುತ್ತಿದ್ದರು. ನೋಂದಣಿ ಪತ್ರ ಎಂದರೆ ಕಂಪನಿಯ ಜನನ ಪ್ರಮಾಣಪತ್ರ ಅಷ್ಟೇ, ನಡತೆ ಪ್ರಮಾಣಪತ್ರವಲ್ಲ. ಎಂಸಿಎಯಲ್ಲೇ 100 ರೂಪಾಯಿ ಶುಲ್ಕ ಕಟ್ಟಿದರೆ ಕಂಪನಿ ಸಲ್ಲಿಸಿದ ದಾಖಲೆಗಳನ್ನು ತೆರೆದು ಓದಬಹುದು. ಬ್ಯಾಲೆನ್ಸ್ ಶೀಟ್‌ನಲ್ಲಿ ವ್ಯಾಪಾರವೇ ಇಲ್ಲದೆ ‘200 ಔಟ್‌ಲೆಟ್’ ಎಲ್ಲಿಂದ ಬಂತೆಂದು ಆಗ ಕೇಳಬಹುದು.

ಇವುಗಳಲ್ಲಿ ನಿಜಕ್ಕೂ ಕೆಲಸಕ್ಕೆ ಬರುವುದು ಜಿಎಸ್‌ಟಿ ತಾಣದ ‘ಸರ್ಚ್ ಟ್ಯಾಕ್ಸ್‌ಪೇಯರ್’. ಲಾಗಿನ್ ಬೇಡ, ಕ್ಯಾಪ್ಚಾ ಒಂದು ತುಂಬಿದರೆ ಆಯಿತು. 15 ಅಕ್ಷರದ ಜಿಎಸ್‌ಟಿ ನೋಂದಣಿ ಸಂಖ್ಯೆಯಲ್ಲಿ (ಜಿಎಸ್‌ಟಿಐಎನ್) ಮೊದಲೆರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಅಕ್ಷರ ಪ್ಯಾನ್. ಈಗ ಎಡದಿಂದ ಆರನೇ ಅಕ್ಷರಕ್ಕೆ ಬೆರಳಿಡಿ. ಅಲ್ಲಿ ‘ಸಿ’ ಇದ್ದರೆ ಕಂಪನಿ, ‘ಎಫ್’ ಇದ್ದರೆ ಪಾಲುದಾರಿಕೆ ಸಂಸ್ಥೆ ಅಥವಾ ಎಲ್‌ಎಲ್‌ಪಿ, ‘ಪಿ’ ಇದ್ದರೆ ಒಬ್ಬ ವ್ಯಕ್ತಿ. ಲೆಟರ್‌ಹೆಡ್ ಮೇಲೆ ‘ಪ್ರೈವೇಟ್ ಲಿಮಿಟೆಡ್’, ಆರನೇ ಜಾಗದಲ್ಲಿ ‘ಪಿ’ ಎಂದಾದರೆ ಆ ಕಾಗದದಲ್ಲಿ ಎಲ್ಲೋ ಸುಳ್ಳಿದೆ. ಏಳನೆಯದು ಕಂಪನಿಯಾದರೆ ಅದರ ಹೆಸರಿನ ಮೊದಲ ಅಕ್ಷರ, ವ್ಯಕ್ತಿಯಾದರೆ ಸರ್‌ನೇಮಿನ ಮೊದಲ ಅಕ್ಷರ.

ಹುಡುಕಿದಾಗ ಬರುವ ಪುಟದಲ್ಲಿ ‘ಲೀಗಲ್ ನೇಮ್’, ‘ಟ್ರೇಡ್ ನೇಮ್’ ಎಂದು ಎರಡಿವೆ. ಲೀಗಲ್ ನೇಮ್ ಎಂದರೆ ಪ್ಯಾನ್‌ನಲ್ಲಿರುವ ಹೆಸರು. ಟ್ರೇಡ್ ನೇಮ್ ಯಾರು ಏನು ಬೇಕಾದರೂ ಇಟ್ಟುಕೊಳ್ಳಬಹುದಾದ ಬೋರ್ಡಿನ ಹೆಸರು, ಅದನ್ನು ನೋಡಿ ಮರುಳಾಗಬೇಡಿ. ಕೆಳಗಿನ ಫೈಲಿಂಗ್ ಟೇಬಲ್ ಬಟನ್ ಒತ್ತಿದರೆ ರಿಟರ್ನ್ ಯಾವ ತಿಂಗಳು ಸಲ್ಲಿಕೆಯಾಗಿದೆ ಎಂಬ ಪಟ್ಟಿ ಬರುತ್ತದೆ. ವಾರ್ಷಿಕ ವಹಿವಾಟು 5 ಕೋಟಿವರೆಗಿನವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಆಯ್ಕೆ ಪಡೆದಿರಬಹುದು, ಅಷ್ಟು ವಿನಾಯಿತಿ ಕೊಡಿ. ವರ್ಷವಿಡೀ ಖಾಲಿ ಇದ್ದರೆ ಕೊಡಬೇಡಿ. ಈ ತಾಣಕ್ಕೆ ಹತ್ತಕ್ಕೆ ಎಂಟು. ಉಳಿದೆರಡನ್ನು ಕಳೆದದ್ದು, ಕದ್ದ ಅಸಲಿ ನಂಬರ್ ಹಾಕಿದರೆ ಇದೂ ಮೋಸ ಹೋಗುತ್ತದೆ ಎಂಬ ಕಾರಣಕ್ಕೆ.

ರಿಸರ್ವ್ ಬ್ಯಾಂಕಿನ ‘ಸಚೇತ್’ ತಾಣ 2016ರಿಂದ ಇದೆ. ಠೇವಣಿ ಸಂಗ್ರಹಿಸುವವರಿಗೆ ಅನುಮತಿ ಇದೆಯೇ ಎಂದು ನೋಡಲು, ದೂರು ಕೊಡಲು ಸರಿ. ಫ್ರಾಂಚೈಸಿ ವಿಷಯದಲ್ಲಿ ಅದರಿಂದ ಹೆಚ್ಚೇನೂ ಸಿಗದು. ಯಂತ್ರ ನಾವೇ ಕೊಡುತ್ತೇವೆ, ತಿಂಗಳಿಗೆ ಇಷ್ಟು ಗ್ಯಾರಂಟಿ ಎಂದವರ ಹೆಸರನ್ನು ಮಾತ್ರ ಇಲ್ಲೂ ಹಾಕಿ ನೋಡಿ, ಏಕೆಂದರೆ ಅದು ವ್ಯಾಪಾರವಲ್ಲ, ವೇಷ ಹಾಕಿದ ಠೇವಣಿ.

ಸೈಬರ್‌ಕ್ರೈಮ್ ಪೋರ್ಟಲ್‌ನ ‘ಸಸ್ಪೆಕ್ಟ್ ಸರ್ಚ್’ ಇನ್ನೊಂದು ದಾರಿ. ಫೋನ್ ನಂಬರ್, ಯುಪಿಐ ಐಡಿ, ಖಾತೆ ಸಂಖ್ಯೆ, ತಾಣದ ವಿಳಾಸ ಹಾಕಿದರೆ ಮೊದಲೇ ದೂರು ದಾಖಲಾಗಿದ್ದರೆ ತೋರಿಸುತ್ತದೆ. ‘ದಾಖಲೆ ಇಲ್ಲ’ ಎಂದು ಬಂದರೆ ಅದನ್ನು ಕ್ಲೀನ್ ಚಿಟ್ ಎಂದುಕೊಳ್ಳಬಾರದು. ವಂಚಕರು ಬಳಸುವುದು ಬಾಡಿಗೆ ಖಾತೆ; ದೂರು ಬೀಳುವ ಹೊತ್ತಿಗೆ ಹೊಸ ಖಾತೆಗೆ ಹೋಗಿರುತ್ತಾರೆ. ಸಿಕ್ಕಿಬಿದ್ದರೆ ಖಚಿತ, ಸಿಗದಿದ್ದರೆ ಏನೂ ಅರ್ಥವಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕದ್ದ ನಂಬರಿನ ಸಮಸ್ಯೆ ಹಾಗೇ ಉಳಿಯಿತಲ್ಲ? ಅದಕ್ಕೆ ಮದ್ದು ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲೇ ಇದೆ. ಯುಪಿಐನಲ್ಲಿ ದುಡ್ಡು ಹೋಗುವ ಮುಂಚೆ ಖಾತೆದಾರರ ಹೆಸರು ಕಾಣುತ್ತದೆ. ನೆಫ್ಟ್, ಆರ್‌ಟಿಜಿಎಸ್‌ಗೂ ಹೆಸರು ನೋಡುವ ಸೌಲಭ್ಯ ಕೊಡಲು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್ 1ರ ಗಡುವು ಹಾಕಿತ್ತು. ಅಲ್ಲಿ ಬಂದ ಹೆಸರು ಜಿಎಸ್‌ಟಿ ಪುಟದ ಲೀಗಲ್ ನೇಮ್‌ಗೆ ಅಕ್ಷರಶಃ ಕೂಡಬೇಕು. ‘ನಮ್ಮ ಅಕೌಂಟೆಂಟ್ ಖಾತೆ’, ‘ಸಿಸ್ಟರ್ ಕನ್ಸರ್ನ್’, ‘ಆಡಿಟ್ ನಡೀತಾ ಇದೆ ಸರ್’ ಎಂಬ ಯಾವ ಸಬೂಬೂ ಬೇಡ. ಕೂಡಿದಂತೆ ಕಂಡರೂ ‘ಎಂಟರ್‌ಪ್ರೈಸಸ್’, ‘ಟ್ರೇಡರ್ಸ್’ ಎಂಬ ಬಾಲ ಹೆಚ್ಚಾಗಿ ಅಂಟಿದೆಯೇ ಗಮನಿಸಿ. ಬ್ರ್ಯಾಂಡ್ ಹೆಸರಿಗೆ ಬಾಲ ಸೇರಿಸಿ ಯಾರು ಬೇಕಾದರೂ ಕರೆಂಟ್ ಅಕೌಂಟ್ ತೆರೆಯಬಹುದು.

ಇನ್ನು ಫೋನ್. ಅವರು ಕೊಟ್ಟ ನಂಬರಿಗೆ ವಾಪಸ್ ಮಾಡಿದರೆ ಅವರೇ ಎತ್ತುತ್ತಾರೆ, ಅದು ಪರಿಶೀಲನೆಯಲ್ಲ. ಬ್ರ್ಯಾಂಡಿನ ಪ್ಯಾಕೆಟ್ ಮೇಲೆ ಅಚ್ಚಾದ ಗ್ರಾಹಕ ಸೇವಾ ನಂಬರಿಗೆ ಮಾಡಿ, ಫ್ರಾಂಚೈಸಿ ವಿಭಾಗ ಇದೆಯೇ ಕೇಳಿ. ಮೊಸರಿನ ಪ್ಯಾಕೆಟ್‌ನಷ್ಟು ನಂಬಿಕಸ್ಥ ದಾಖಲೆ ಈ ಇಡೀ ವ್ಯವಹಾರದಲ್ಲಿ ಇನ್ನೊಂದಿಲ್ಲ.

ದುಡ್ಡು ಹೋಗಿಯೇ ಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲೂ ದೂರು ಹಾಕಿ. ಆ ದುಡ್ಡು ಮುಂದಿನ ಖಾತೆಗೆ ಜಿಗಿಯುವ ಮುಂಚೆ ತಡೆಹಿಡಿಸಬೇಕಾದ್ದರಿಂದ ಗಂಟೆಗಳ ಲೆಕ್ಕ. ಕರೆ ಮಾಡುವಾಗ ಯುಪಿಐ ವ್ಯವಹಾರದ 12 ಅಂಕಿಯ ಯುಟಿಆರ್ (ಆ ಪಾವತಿಯ ಗುರುತಿನ ಸಂಖ್ಯೆ), ಕಳುಹಿಸಿದ ಮೊತ್ತ, ಸಮಯ ಕೈಯಲ್ಲಿರಲಿ. ‘ರೀಫಂಡ್ ಪ್ರೋಸೆಸಿಂಗ್ ಫೀ’ ಕಟ್ಟಿ ಎಂದು ಅವರು ಮತ್ತೆ ಫೋನ್ ಮಾಡುತ್ತಾರೆ. ಆ ನಂಬರನ್ನೂ ದೂರಿಗೆ ಸೇರಿಸಿ.