ಮರದ ಬೇಲಿ ತೊಳೆಯುವವರು ಬ್ಲೀಚಿಂಗ್ ಪೌಡರ್ ಜೊತೆ ಆ್ಯಸಿಡ್ ತಂದರೆ ದಯವಿಟ್ಟು ತಡೆಯಿರಿ

ಮನೆ ಮುಂದಿನ ಮರದ ಬೇಲಿ ಕಪ್ಪಾಗಿದೆ, ಮಳೆಗಾಲಕ್ಕೆ ಮುಂಚೆ ಕಡಿಮೆ ಖರ್ಚಿನಲ್ಲಿ ತೊಳೆಸಿ ವಾರ್ನಿಶ್ ಹೊಡೆಸಿಬಿಡೋಣ ಅಂತ ಯೋಚಿಸುತ್ತಿದ್ದೀರಾ? ಹಾಗಿದ್ದರೆ ಐದು ನಿಮಿಷ ಇದನ್ನು ಓದಿ. ನಮ್ಮ ಮನೆಯಲ್ಲಿ ಆ ಕೆಲಸದಿಂದ ಬೇಲಿಯೂ ಹಾಳಾಯಿತು, ಅಮ್ಮ ಆಸ್ಪತ್ರೆಗೂ ಹೋಗಬೇಕಾಯಿತು. ಬೇಲಿಯದು ಹೋಗಲಿ, ರಿಪೇರಿ ಮಾಡಬಹುದು. ಅಮ್ಮನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಆಗುಂಬೆ ಇರುವ ತಾಲ್ಲೂಕು, ಮಳೆ ಎಷ್ಟು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ. ಅಂಗಳದ ಮುಂದೆ ಸುಮಾರು 60 ಅಡಿ ಉದ್ದಕ್ಕೆ ಮರದ ಬೇಲಿ ಇದೆ. ಹಳೇ ಕೊಟ್ಟಿಗೆ ಬಿಚ್ಚಿದಾಗ ಸಿಕ್ಕ ಪಕಾಸು, ರೀಪುಗಳನ್ನು ಸೀಳಿಸಿ ಅಪ್ಪಯ್ಯ ಮಾಡಿಸಿದ್ದು. ಹೆಚ್ಚಿನವು ಬೋಗಿ ಮರದ್ದು, ನಡುನಡುವೆ ಮತ್ತಿ ಮರದ್ದು. ಮೊದಲು ಉಣುಗೋಲು ಇದ್ದ ಜಾಗದಲ್ಲಿ ಆಮೇಲೆ ಒಂದು ಮರದ ಗೇಟು ಬಂತು. ಅಪ್ಪಯ್ಯ ಇದ್ದಾಗ ಪ್ರತಿ ವರ್ಷ ಅಡಿಕೆ ಕೊಯ್ಲು ಮುಗಿದ ಮೇಲೆ ಒಂದು ದಿನ ಕೂತು ಬೇಲಿಗೆ ಎಣ್ಣೆ ಒರೆಸುತ್ತಿದ್ದರು. ಅವರು ಹೋಗಿ ಆರು ವರ್ಷ ಆಯಿತು. ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. ಮರ ಬೂದಿ ಬಣ್ಣಕ್ಕೆ ತಿರುಗಿತ್ತು. ಬುಡದಲ್ಲಿ ಹಾವಸೆ ಕಟ್ಟಿತ್ತು. ಪ್ರತಿ ಮೊಳೆಯ ಕೆಳಗೂ ಒಂದು ಕರಿ ಗೆರೆ ಇಳಿದಿತ್ತು.

ಕಳೆದ ವರ್ಷ ಮೇ ತಿಂಗಳಲ್ಲಿ ಮನೆಯಲ್ಲಿ ಒಂದು ಕಾರ್ಯ ಇತ್ತು. ಅಷ್ಟರೊಳಗೆ ಬೇಲಿ ಚಂದ ಮಾಡಿಸಬೇಕು ಅನ್ನುವುದು ನನ್ನ ಆಸೆ. ಪೇಟೆಯ ಪೇಂಟರ್ ಒಬ್ಬರು ನೋಡಿಕೊಂಡು ಹೋಗಿ 22,000 ರೂಪಾಯಿ ಹೇಳಿದರು, ಹತ್ತು ಹನ್ನೆರಡು ದಿನ ಬೇಕು ಅಂದರು. ಇನ್ನೊಬ್ಬ ಎರಡು ದಿನದಲ್ಲಿ ಮುಗಿಸಿ ಕೊಡುತ್ತೇನೆ, ಸಾಮಾನು ಸೇರಿ 8,500 ಅಂದ. ನಾನು ಬೆಂಗಳೂರಿನಲ್ಲಿ ಕೂತು ಫೋನಿನಲ್ಲೇ ಎರಡನೆಯವನಿಗೆ ಹೂಂ ಅಂದೆ. ಹೇಗೆ ಮಾಡುತ್ತೀಯ, ಏನು ಹಾಕುತ್ತೀಯ ಅಂತ ಒಂದು ಮಾತು ಕೇಳಲಿಲ್ಲ. ಆ ತಪ್ಪು ನನ್ನದು.

ಶನಿವಾರ ಬೆಳಿಗ್ಗೆ ನಾನು ಊರಿಗೆ ಬರುವ ಹೊತ್ತಿಗೆ ಕೆಲಸ ಶುರುವಾಗಿತ್ತು. ಕಾರು ತೊಳೆಯುವ ಪ್ರೆಶರ್ ಮೆಷಿನ್ ಬಾಡಿಗೆಗೆ ತಂದಿದ್ದ. ಪೈಪಿನ ತುದಿಯನ್ನು ಮರಕ್ಕೆ ನಾಲ್ಕು ಬೆರಳು ದೂರದಲ್ಲಿ ಹಿಡಿದು ನೀರು ಬಿಡುತ್ತಿದ್ದ. ನೋಡಲು ಬಹಳ ಖುಷಿಯಾಗುತ್ತಿತ್ತು. ನೀರು ಹೋದಲ್ಲೆಲ್ಲ ಬೂದಿ ಬಣ್ಣ ಎದ್ದು ಒಳಗಿನ ಕೆಂಪು ಕಾಣುತ್ತಿತ್ತು. ಹತ್ತಿರ ಹೋಗಿ ಕೈ ಆಡಿಸಿದಾಗ ಮಾತ್ರ ಎದೆ ಧಸಕ್ಕೆಂದಿತು. ಮರದ ಮೆತ್ತಗಿನ ಭಾಗವನ್ನೆಲ್ಲ ನೀರು ಕಿತ್ತುಕೊಂಡು ಹೋಗಿ, ಗಟ್ಟಿ ಎಳೆಗಳು ಮಾತ್ರ ಏಣೇಣಾಗಿ ಉಳಿದಿದ್ದವು. ಮೇಲೆಲ್ಲ ತೆಂಗಿನ ನಾರಿನ ಹಾಗೆ ಸಿಬಿರು ಎದ್ದಿತ್ತು.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಇದು ಮೊದಲೇ ಗೊತ್ತಿದ್ದರೆ ನಾನು ಆ ಮೆಷಿನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಮರ ಬೂದಿ ಬಣ್ಣಕ್ಕೆ ತಿರುಗಿದರೆ ಅದು ಕೊಳೆತಿದೆ ಅಂತ ಅರ್ಥ ಅಲ್ಲ. ಮರದ ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಅನ್ನುವ ಅಂಟು ಬಿಸಿಲಿಗೆ ಒಡೆಯುತ್ತದೆ. ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಉಳಿದ ನಾರು ಬೂದಿಯಾಗಿ ಕಾಣುತ್ತದೆ. ಇದು ಬರೀ ಮೇಲ್ಪದರದ ಕಥೆ. ಚಾಕುವಿನ ತುದಿಯಲ್ಲಿ ಸ್ವಲ್ಪ ಕೆರೆದರೆ ಒಳಗೆ ಒಳ್ಳೇ ಮರ ಹಾಗೇ ಇರುತ್ತದೆ. ಅದೇ ಚಾಕು ಬೆಣ್ಣೆಗೆ ಇಳಿದಂತೆ ಒಳಗೆ ಹೋದರೆ ಮಾತ್ರ ಕೊಳೆತ ಮರ. ನಮ್ಮ ಬೇಲಿಯಲ್ಲಿ ಹಾಗೆ ಇದ್ದದ್ದು ನಾಲ್ಕೇ ರೀಪು, ಅದೂ ಮಣ್ಣಿಗೆ ತಾಗುತ್ತಿದ್ದವು.

ಇನ್ನು ಮುಖ್ಯವಾದ ವಿಷಯ. ಹಾವಸೆ ಹೋಗಲಿ ಅಂತ ಅವನು ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿ ಬೇಲಿಗೆಲ್ಲ ಹಚ್ಚಿದ್ದ. ನಾವೂ ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಅದನ್ನೇ ಹಾಕುತ್ತೇವೆ, ಹಾಗಾಗಿ ಯಾರಿಗೂ ಏನೂ ಅನ್ನಿಸಲಿಲ್ಲ. ಆದರೆ ಮೊಳೆಯ ಕರಿ ಗೆರೆ ಅದಕ್ಕೆ ಹೋಗಲಿಲ್ಲ. ಆಗ ಚೀಲದಿಂದ ಟೈಲ್ಸ್ ತೊಳೆಯುವ ಆ್ಯಸಿಡ್ ಬಾಟಲಿ ತೆಗೆದು, ಹಸಿ ಬ್ಲೀಚಿಂಗ್ ಇನ್ನೂ ಇರುವಾಗಲೇ ಅದರ ಮೇಲೆ ಸುರಿದ. ಉಳಿದದ್ದನ್ನು ಅದೇ ಬಕೆಟ್ಟಿಗೆ ಹಾಕಿದ.

ಬುಸ್ಸೆಂದು ನೊರೆ ಬಂತು. ನಲ್ಲಿ ನೀರಿಗೆ ಕ್ಲೋರಿನ್ ಜಾಸ್ತಿ ಬಿದ್ದಾಗ ಬರುವ ವಾಸನೆ ಇದೆಯಲ್ಲ, ಅದೇ ವಾಸನೆ, ಆದರೆ ಮೂಗಿಗೆ ಚುಚ್ಚಿದ ಹಾಗೆ. ಅಮ್ಮ ಬೇಲಿಯ ಒಳಬದಿಗೆ ಕುಕ್ಕರುಗಾಲಿನಲ್ಲಿ ಕೂತು ಡೇರೆ ಹೂವಿನ ಗೆಡ್ಡೆ ನೆಡಲು ಮಡಿ ಮಾಡುತ್ತಿದ್ದರು. ಕೆಮ್ಮು ಶುರುವಾಯಿತು. ಏಳಲು ಹೋದವರು ಬೇಲಿಯ ಕಂಬ ಹಿಡಿದು ಅಲ್ಲೇ ಬಗ್ಗಿ ನಿಂತುಬಿಟ್ಟರು. ಉಸಿರು ಎಳೆದುಕೊಳ್ಳಲು ಆಗುತ್ತಿಲ್ಲ, ಕಣ್ಣಿನಲ್ಲಿ ನೀರು. ನಾನು ಓಡಿ ಹೋಗಿ ಹಿತ್ತಿಲ ಕಡೆ ಎಳೆದುಕೊಂಡು ಬಂದೆ. ಅವನ ಜೊತೆ ಬಂದಿದ್ದ ಹುಡುಗ, ಹದಿನೆಂಟು ವರ್ಷ ಇರಬಹುದು, ಅವನೂ ರಸ್ತೆಯಲ್ಲಿ ಕೂತು ವಾಂತಿ ಮಾಡಿಕೊಂಡ.

ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ತಾಗಿದರೆ ಕ್ಲೋರಿನ್ ಅನಿಲ ಹೊರಗೆ ಬರುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಬಿಟ್ಟ ವಿಷಾನಿಲ ಇದೇ. ಇದು ಗಾಳಿಗಿಂತ ಭಾರ, ಮೇಲೆ ಹೋಗದೆ ನೆಲಮಟ್ಟದಲ್ಲೇ ಹರಡುತ್ತದೆ. ಅದಕ್ಕೇ ನಿಂತು ಕೆಲಸ ಮಾಡುತ್ತಿದ್ದವನಿಗಿಂತ ಕೂತಿದ್ದ ಅಮ್ಮನಿಗೆ ಜಾಸ್ತಿ ತಾಗಿತು. ಮಗುವೋ ನಾಯಿಯೋ ಅಲ್ಲಿ ಇದ್ದಿದ್ದರೆ ಏನಾಗುತ್ತಿತ್ತೋ. ಆಸ್ಪತ್ರೆಯಲ್ಲಿ ಆಕ್ಸಿಜನ್ ಇಟ್ಟರು, ನೆಬ್ಯುಲೈಸರ್ ಕೊಟ್ಟರು, ರಾತ್ರಿ ಅಲ್ಲೇ ಇರಿಸಿಕೊಂಡರು. ಎದೆಯ ತೊಂದರೆ ಕೆಲವು ಗಂಟೆ ಬಿಟ್ಟು ಜಾಸ್ತಿ ಆಗಬಹುದು, ಅದಕ್ಕೆ ನಿಗಾ ಬೇಕು ಅಂದರು ಡಾಕ್ಟರು. ಅಮ್ಮನ ಕೆಮ್ಮು ಪೂರ್ತಿ ಹೋಗಲು ಮೂರು ವಾರ ಬೇಕಾಯಿತು.

ಟಾಯ್ಲೆಟ್ ತೊಳೆಯುವ ಲಿಕ್ವಿಡ್‌ಗಳಲ್ಲೂ ಬಹಳಷ್ಟರಲ್ಲಿ ಆ್ಯಸಿಡ್ ಇರುತ್ತದೆ. ವಿನೆಗರ್, ನಿಂಬೆಹುಳಿ ಕೂಡ ಆ್ಯಸಿಡ್ಡೇ. ಯಾವುದನ್ನೂ ಬ್ಲೀಚಿಂಗ್ ಜೊತೆ ಸೇರಿಸಬೇಡಿ. ಅಕಸ್ಮಾತ್ ಸೇರಿತು, ವಾಸನೆ ಬಂತು ಅಂದರೆ ಬಕೆಟ್ ಎತ್ತಿಡಲು ಹೋಗಬೇಡಿ. ಎಲ್ಲರನ್ನೂ ಕರೆದುಕೊಂಡು ಗಾಳಿ ಬೀಸಿ ಬರುವ ಕಡೆಗೆ, ಸ್ವಲ್ಪ ಎತ್ತರದ ಜಾಗಕ್ಕೆ ಹೋಗಿ. ಉಸಿರಾಡಲು ಕಷ್ಟ ಅನ್ನಿಸಿದರೆ ಕಾಯದೆ ಆಸ್ಪತ್ರೆಗೆ ಹೋಗಿ.

ನಾವು ಆಸ್ಪತ್ರೆಯಲ್ಲಿದ್ದ ದಿನವೇ ಅವನು ಬೇಲಿಗೆ ಹೊಳೆಯುವ ವಾರ್ನಿಶ್ ಹೊಡೆದು ಕೆಲಸ ಮುಗಿಸಿದ್ದ. ಮರ ಇನ್ನೂ ಒಣಗಿರಲಿಲ್ಲ. ಕಾರ್ಯದ ದಿನ ಬಂದವರೆಲ್ಲ ಬೇಲಿ ಹೊಸದರ ಹಾಗಿದೆ ಅಂದರು. ಜೂನ್‌ನಲ್ಲಿ ಮಳೆ ಹಿಡಿಯಿತು. ಒಳಗೆ ಸಿಕ್ಕಿಕೊಂಡ ನೀರು ಹೊರಗೆ ಬರಲು ಜಾಗ ಇಲ್ಲದೆ, ಮಳೆ ಬಿಟ್ಟು ಬಿಸಿಲು ಬಂದಾಗಲೆಲ್ಲ ವಾರ್ನಿಶ್ ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ಚೌತಿ ಹಬ್ಬದ ಹೊತ್ತಿಗೆ ಪದರ ಪದರವಾಗಿ ಸುಲಿಯುತ್ತಿತ್ತು. ಅದರ ಅಡಿಯಲ್ಲಿ ಮರ ಮೊದಲಿಗಿಂತ ಕಪ್ಪು. ಆ್ಯಸಿಡ್ ಕುಡಿದ ಮೊಳೆಗಳು ತುಕ್ಕು ಹಿಡಿದು ತಲೆ ಉದುರುತ್ತಿದ್ದವು. ಅಮ್ಮ ಮಡಿ ಮಾಡಿದ ಜಾಗದಲ್ಲಿ ಆ ವರ್ಷ ಡೇರೆ ಏಳಲಿಲ್ಲ.

ಆಮೇಲೆ ನಮ್ಮೂರಿನ ಆಚಾರ್ರನ್ನು ಕರೆಸಿದೆ. ವಯಸ್ಸಾಗಿದೆ, ಆ ಬೇಲಿ ಮಾಡಿದವರೂ ಅವರೇ. ಒಂದು ರೀಪನ್ನು ಉಗುರಿನಲ್ಲಿ ಕೆರೆದು ನೋಡಿ, "ಬೋಗಿ ಕಣೆ ತಂಗೀ, ಇಷ್ಟಕ್ಕೆಲ್ಲ ಸಾಯುವ ಮರ ಅಲ್ಲ. ಮಳೆಗಾಲ ಕಳೀಲಿ" ಅಂದರು. ಜನವರಿಯವರೆಗೆ ಕಾದೆವು.

ಜನವರಿಯಲ್ಲಿ ಮಾಡಿದ ಕೆಲಸದಲ್ಲಿ ಯಾವ ಮೆಷಿನ್ನೂ ಇರಲಿಲ್ಲ. ಸುಲಿದ ವಾರ್ನಿಶ್ಶನ್ನು ಆಚಾರ್ರು ತಗಡಿನಲ್ಲಿ ಹೆರೆದು ತೆಗೆದರು. ನಾನು ಸೋಪಿನ ಪುಡಿಯ ನೀರು, ಗಟ್ಟಿ ನಾರಿನ ಬ್ರಷ್ ಹಿಡಿದು ಎಳೆ ಹೋದ ದಿಕ್ಕಿಗೇ ಉಜ್ಜಿದೆ. ತಂತಿ ಬ್ರಷ್ ಬೇಡ ಅಂದರು, ಕಬ್ಬಿಣದ ಚೂರು ಉಳಿದರೆ ಮತ್ತೆ ಕರಿ ಕಲೆ ಬರುತ್ತದೆ. ಆ ಕರಿ ಗೆರೆ ಕೊಳೆ ಅಲ್ಲವೇ ಅಲ್ಲ ಅಂತ ನನಗೆ ಆಗಲೇ ಗೊತ್ತಾದದ್ದು. ಬಾಳೆಕಾಯಿಯನ್ನು ಕಬ್ಬಿಣದ ಕತ್ತಿಯಲ್ಲಿ ಹೆಚ್ಚಿದರೆ ಕಪ್ಪಾಗುತ್ತದಲ್ಲ, ಹಾಗೇ ಇದು. ಮರದ ಒಗರು, ಅಂದರೆ ಅಡಿಕೆ ಚೊಗರಿನಲ್ಲಿ ಇರುವಂಥ ಟ್ಯಾನಿನ್, ಮೊಳೆಯ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಅದಕ್ಕೆ ಬ್ಲೀಚಿಂಗ್ ಕೆಲಸ ಮಾಡುವುದಿಲ್ಲ. ಆಕ್ಸಾಲಿಕ್ ಪುಡಿ ಬೇಕು. ಮೊಸಾಯಿಕ್ ನೆಲ ಪಾಲಿಶ್ ಮಾಡುವವರು ಬಳಸುತ್ತಾರೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ ಲೆಕ್ಕದಲ್ಲಿ ಕರಗಿಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ನೀರು ಹಾಕಿ ತೊಳೆದೆ. ಗೆರೆಗಳು ಕಣ್ಣೆದುರೇ ತಿಳಿಯಾದವು. ಆದರೆ ಇದೂ ವಿಷ, ಇದೂ ಆ್ಯಸಿಡ್. ಗ್ಲೌಸ್, ಕನ್ನಡಕ ಬೇಕೇ ಬೇಕು, ಪುಡಿ ಮೂಗಿಗೆ ಹೋಗಬಾರದು, ಬ್ಲೀಚಿಂಗ್ ಹತ್ತಿರವೂ ಇರಬಾರದು.

ಒಂದು ವಾರ ಬಿಸಿಲಿಗೆ ಬಿಟ್ಟೆವು. ಆಮೇಲೆ 80 ನಂಬರಿನ ಪಾಲಿಶ್ ಪೇಪರ್ ಹಾಕಿ ಸಿಬಿರು ತೆಗೆದೆವು. ಗೇಟಿಗೆ ಅಪ್ಪಯ್ಯನ ಕಾಲದ ಹಸಿರು ಪೇಂಟ್ ಇತ್ತು, ಅದನ್ನು ಒಣಗಿಸಿ ಉಜ್ಜಲಿಲ್ಲ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೇ ಪೇಂಟಿನ ಧೂಳು ಮಕ್ಕಳಿಗಂತೂ ಬಹಳ ಕೆಟ್ಟದ್ದು. ಒದ್ದೆ ಮಾಡಿಯೇ ಉಜ್ಜಿ.

ಮರದ ಮೇಲೆ ಒಂದು ಹನಿ ನೀರು ಬಿಟ್ಟಾಗ ಅದು ಇಂಗಬೇಕು. ಹನಿ ಹಾಗೇ ನಿಂತರೆ ಎಣ್ಣೆ ಹಿಡಿಯುವುದಿಲ್ಲ. ನಮ್ಮದರಲ್ಲಿ ಇಂಗಿತು. ಬಾಯಿಲ್ಡ್ ಅಗಸೆ ಎಣ್ಣೆಗೆ ಟರ್ಪೆಂಟೈನ್ ಸೇರಿಸಿ ತೆಳ್ಳಗೆ ಎರಡು ಸಲ ಹಚ್ಚಿದೆವು, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿದೆವು. ಈ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತನ್ನಿಂತಾನೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ, ಹೊರಗೆ ಬಿಡಿಸಿ ಹರವಿ. ಕಂಬದ ಬುಡಕ್ಕೆ ಮಾತ್ರ ಆಚಾರ್ರು ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆ ಹಚ್ಚಿದರು, ಒರಲೆ ಹತ್ತಬಾರದು ಅಂತ. ನನ್ನನ್ನು ಮುಟ್ಟಲು ಬಿಡಲಿಲ್ಲ. ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ. ಕೊಳೆತ ನಾಲ್ಕು ರೀಪು ಬದಲಾಯಿಸಿ, ನೆಲಕ್ಕೆ ತಾಗದಂತೆ ಎರಡು ಇಂಚು ಮೇಲೆ ಹೊಡೆದರು.

ಸಾಮಾನಿಗೆ ಬಿದ್ದದ್ದು 4,100 ರೂಪಾಯಿ, ಆಚಾರ್ರ ಮೂರು ದಿನದ ಕೂಲಿ ಬೇರೆ. ಪ್ರೆಶರ್ ನೀರು ಮಾಡಿದ ಏಣು ಹಾಗೇ ಇದೆ, ಅದು ಹೋಗುವುದಿಲ್ಲ. ಈ ಎಣ್ಣೆಯ ಮೇಲೂ ನಮ್ಮ ಮಳೆಗೆ ಬೂಷ್ಟು ಬರುತ್ತದೆ, ಪ್ರತಿ ವರ್ಷ ಒರೆಸಿ ಹಚ್ಚಲೇಬೇಕು. ಆದರೆ ಸುಲಿಯುವುದಿಲ್ಲ.

ಕೆಲಸಕ್ಕೆ ಬಂದವನಿಗೆ ಆಮೇಲೆ ಫೋನ್ ಮಾಡಿದ್ದೆ, ಜಗಳಕ್ಕಲ್ಲ. ಹೀಗೆ ಮಾಡಿದರೆ ವಿಷಾನಿಲ ಬರುತ್ತದೆ ಅಂತ ತನಗೆ ಯಾರೂ ಹೇಳಿರಲಿಲ್ಲ ಅಕ್ಕಾ ಅಂದ. ಎಷ್ಟೋ ಮನೆಯಲ್ಲಿ ಹೀಗೇ ಮಾಡಿದ್ದಾನಂತೆ, ಆಮೇಲೆ ಎರಡು ದಿನ ಎದೆ ಉರಿಯುವುದು ಮಾಮೂಲು ಅಂದುಕೊಂಡಿದ್ದನಂತೆ. ಆ ಹುಡುಗ ಈಗ ಬೇರೆಯವರ ಜೊತೆ ಇದೇ ಕೆಲಸಕ್ಕೆ ಹೋಗುತ್ತಾನೆ. ನಿಮ್ಮ ಮನೆಗೆ ಯಾರಾದರೂ ತೊಳೆಯಲು ಬಂದರೆ ಮೊದಲು ಅವರ ಚೀಲದಲ್ಲಿ ಏನೇನು ಇದೆ ಅಂತ ಕೇಳಿ. ಬ್ಲೀಚಿಂಗ್, ಆ್ಯಸಿಡ್ ಎರಡೂ ಇದ್ದರೆ ಒಂದನ್ನು ನೀವೇ ತೆಗೆದು ದೂರ ಇಡಿ. ಕಾರಣವನ್ನೂ ಹೇಳಿ.