ಕಾಪರ್ ಫಾಯಿಲ್ ಟೇಪ್ ತಗೊಳ್ಳೋಕೆ ಮುಂಚೆ ಅಂಟು ನೋಡಿ: ಮೂರು ಥರದ ರೋಲ್ ಬಳಸಿದ ಮೇಲೆ ನನ್ನ ರಿವ್ಯೂ

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಮಾನಿನ ಮಾರ್ಕೆಟ್ ಎಸ್.ಪಿ. ರೋಡಲ್ಲಿ ಕಾಪರ್ ಟೇಪ್ (ಹಿಂದೆ ಅಂಟಿರೋ ತೆಳು ತಾಮ್ರದ ಪಟ್ಟಿ) ಕೊಡಿ ಅಂದ್ರೆ ಮೊದಲು ಬರೋ ಪ್ರಶ್ನೆ ಅಗಲ ಎಷ್ಟು ಬೇಕು ಅಂತ, 5 ಎಂಎಂ ಆ, 10 ಆ, 50 ಆ. ಅಂಟು ಯಾವ ಥರದ್ದು ಬೇಕು ಅಂತ ಕೇಳೋರು ತುಂಬಾ ಕಮ್ಮಿ, ತಗೊಳ್ಳೋರೂ ಕೇಳಲ್ಲ, ಆದ್ರೆ ಮನೆಗೆ ತಂದ್ಮೇಲೆ ಎಲ್‌ಇಡಿ ಹತ್ತುತ್ತೋ ಇಲ್ವೋ ಅನ್ನೋದು ತಾಮ್ರಕ್ಕಿಂತ ಜಾಸ್ತಿ ಆ ಅಂಟಿನ ಕೈಯಲ್ಲೇ ಇರುತ್ತೆ. ಮಕ್ಕಳ ಜೊತೆ ಪೇಪರ್ ಸರ್ಕ್ಯೂಟ್ (ವೈರ್ ಬದಲು ಕಾಗದದ ಮೇಲೆ ಟೇಪ್ ಅಂಟಿಸಿ ಎಲ್‌ಇಡಿ ಹತ್ತಿಸೋದು), ಎಲೆಕ್ಟ್ರಿಕ್ ಗಿಟಾರ್ ಒಳಗಿನ ಶೀಲ್ಡಿಂಗ್ (ಹೊರಗಿನ ಕರೆಂಟ್ ಗದ್ದಲ ಒಳಗೆ ಬರದ ಹಾಗೆ ಹಾಕೋ ಲೋಹದ ಹೊದಿಕೆ), ಆಮೇಲೆ ಸ್ವಲ್ಪ ಗಾಜಿನ ಕ್ರಾಫ್ಟ್, ಈ ಮೂರಕ್ಕೂ ಬೇರೆ ಬೇರೆ ಫಾಯಿಲ್ ಬಳಸಿದೀನಿ, ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ಬ್ರ್ಯಾಂಡ್ ಹೆಸರಿಲ್ಲದ ಚೀಪ್ ರೋಲ್. 5 ಎಂಎಂ ಅಗಲದ್ದು, ಇಪ್ಪತ್ತು ಮೂವತ್ತು ಮೀಟರ್ ಉದ್ದ, ಇನ್ನೂರು ಮುನ್ನೂರು ರೂಪಾಯಿ ಆಸುಪಾಸಲ್ಲಿ ಸಿಗುತ್ತೆ. ಪೇಪರ್ ಸರ್ಕ್ಯೂಟ್‌ಗೆ ಇದು ಸಾಕು, ನಿಜವಾಗ್ಲೂ ಸಾಕು. ತಾಮ್ರದ ರೆಸಿಸ್ಟೆನ್ಸ್ ಬಗ್ಗೆ ತಲೆ ಕೆಡಿಸ್ಕೋಬೇಡಿ, 35 ಮೈಕ್ರಾನ್ (0.035 ಎಂಎಂ) ದಪ್ಪದ 5 ಎಂಎಂ ಪಟ್ಟಿ ಒಂದು ಮೀಟರ್‌ಗೆ ಸುಮಾರು 0.1 ಓಮ್ ಅಷ್ಟೇ, 25 ಮೈಕ್ರಾನ್ ಆದ್ರೂ 0.14 ಹತ್ರ, ಬಟನ್ ಸೆಲ್ಲಿಂದ ಎಲ್‌ಇಡಿಗೆ ಹೋಗೋ ಕೆಲವು ಮಿಲಿಆಂಪ್‌ಗೆ ಅದು ಲೆಕ್ಕಕ್ಕೇ ಇಲ್ಲ. ಪ್ಯಾಕ್ ಮೇಲೆ 0.06 ಎಂಎಂ ಅಂತೆಲ್ಲಾ ಬರೆದಿರ್ತಾರಲ್ಲ, ಅದು ಎಷ್ಟೋ ಸಲ ಅಂಟೂ ಸೇರಿಸಿ ಹೇಳಿರೋ ದಪ್ಪ, ತಾಮ್ರ ಅದರಲ್ಲಿ ಸುಮಾರು ಅರ್ಧ ಮಾತ್ರ ಇರಬಹುದು, ಅದನ್ನ ನೋಡಿ ಹೋಲಿಕೆ ಮಾಡೋಕೆ ಹೋಗ್ಬೇಡಿ.

ತೊಂದರೆ ಬರೋದು ಒಂದು ಪಟ್ಟಿ ಮೇಲೆ ಇನ್ನೊಂದು ಪಟ್ಟಿ ಅಂಟಿಸಿದ ಜಾಗದಲ್ಲಿ. ಮೇಲಿನ ಪಟ್ಟಿಯ ಅಂಟು ಮಧ್ಯೆ ಬರುತ್ತೆ, ಮಾಮೂಲಿ ಅಕ್ರಿಲಿಕ್ ಅಂಟು ಕರೆಂಟ್ ಬಿಡಲ್ಲ. ಕಂಡಕ್ಟಿವ್ (ಕರೆಂಟ್ ಬಿಡೋ) ಅಂಟಿರೋ ಟೇಪಲ್ಲಿ ಅಂಟಿನ ಒಳಗೇ ಲೋಹದ ಸಣ್ಣ ಕಣಗಳಿರುತ್ತೆ, ಚೆನ್ನಾಗಿ ಒತ್ತಿದಾಗ ಅವು ಮೇಲಿನ ತಾಮ್ರಕ್ಕೂ ಕೆಳಗಿನ ತಾಮ್ರಕ್ಕೂ ತಗಲಿ ದಾರಿ ಮಾಡಿಕೊಡುತ್ತೆ. ಆನ್‌ಲೈನಲ್ಲಿ ಎಲ್ಲರೂ ಡಬಲ್ ಕಂಡಕ್ಟಿವ್, ಅಂದ್ರೆ ತಾಮ್ರ ಅಂಟು ಎರಡೂ ಕರೆಂಟ್ ಬಿಡುತ್ತೆ, ಅಂತಲೇ ಬರೀತಾರೆ, ನಂಬ್ಕೊಂಡು ಕೂರಬೇಡಿ. ಮಲ್ಟಿಮೀಟರನ್ನ ಕರೆಂಟ್ ದಾರಿ ಸಿಕ್ಕಿದ್ರೆ ಬೀಪ್ ಮಾಡೋ ಸೆಟ್ಟಿಂಗಲ್ಲಿ ಇಟ್ಕೊಂಡು ಒಂದೇ ಪಟ್ಟಿಯ ಎರಡು ತುದಿ ಮುಟ್ಟಿಸಿದ್ರೆ ಬೀಪ್ ಬಂದೇ ಬರುತ್ತೆ, ಅದರಿಂದ ಅಂಟಿನ ಬಗ್ಗೆ ಏನೂ ಗೊತ್ತಾಗಲ್ಲ. ಎರಡು ತುಂಡು ಕತ್ತರಿಸಿ ಕಾಗದದ ಮೇಲೆ ಒಂದರ ಮೇಲೊಂದು ಸ್ವಲ್ಪ ಹತ್ತೋ ಹಾಗೆ ಅಂಟಿಸಿ, ಉಗುರಲ್ಲಿ ಗಟ್ಟಿಯಾಗಿ ಉಜ್ಜಿ, ಆಮೇಲೆ ಒಂದು ಪ್ರೋಬ್ ಈ ತುಂಡಿಗೆ ಒಂದು ಆ ತುಂಡಿಗೆ ಇಡಿ, ಆಗ ಬರೋ ಬೀಪೇ ನಿಜವಾದ ಉತ್ತರ. ಕತ್ತರಿಸಿದ ಅಂಚು ಒಂದಕ್ಕೊಂದು ತಗಲಿದ್ರೂ ಬೀಪ್ ಬರುತ್ತೆ, ಅದಕ್ಕೇ ಬೇರೆ ಬೇರೆ ಕಡೆ ಒತ್ತಿ ಮತ್ತೆ ನೋಡಿ.

ಅಂಟು ಕಂಡಕ್ಟಿವ್ ಅಲ್ಲ ಅಂತ ಆದ್ರೂ ಚೀಪ್ ರೋಲ್ ಬಿಸಾಕಬೇಡಿ. ಮೂಲೆ ಬಂದಾಗ ಕತ್ತರಿಸದೇ ಮಡಚಿದ್ರೆ ಆಯ್ತು. ಪಟ್ಟಿನ ಎಡಕ್ಕೆ ತಿರುಗಿಸಬೇಕು ಅಂದ್ರೆ ಮೊದಲು ಬಲಕ್ಕೆ ಮಡಚಿ, ಅಂಟಿನ ಮುಖ ಮೇಲೆ ಬರುತ್ತೆ, ಮಡಿಕೆನ ಉಗುರಲ್ಲಿ ಒತ್ತಿ, ಆಮೇಲೆ ಅದೇ ಪಟ್ಟಿನ ಎಡಕ್ಕೆ ಮಗುಚಿ ಅಂಟಿಸಿ, ಅಂಟು ಮತ್ತೆ ಕೆಳಗೆ ಹೋಗುತ್ತೆ, ತಾಮ್ರ ಎಲ್ಲೂ ತುಂಡಾಗಿರಲ್ಲ. ಆರೇಳನೇ ಕ್ಲಾಸ್ ಮಕ್ಕಳೂ ಎರಡು ಸಲ ತೋರಿಸಿದ್ರೆ ಕಲೀತಾರೆ, ಶಾಲೆಗಳಲ್ಲಿ ವರ್ಕ್‌ಶಾಪ್ ಮಾಡೋ ಟೀಚರ್‌ಗಳು ದಯವಿಟ್ಟು ಇದನ್ನ ಮೊದಲು ಕಲಿಸಿ, ಎಲ್‌ಇಡಿ ಆಮೇಲೆ ಕೊಡಿ. ಅಂಚು ಬೆರಳು ಕುಯ್ಯುತ್ತೆ, ಪಟ್ಟಿ ಮೇಲೆ ಬೆರಳು ಎಳೆಯೋ ಬದಲು ಐಸ್‌ಕ್ರೀಮ್ ಕಡ್ಡಿಯಿಂದ ಉಜ್ಜೋಕೆ ಹೇಳಿ.

ನಕಲಿನೂ ಬರ್ತಿದೆ. ಆನ್‌ಲೈನಲ್ಲಿ ತರಿಸಿದ ಒಂದು ರೋಲ್ ನೋಡೋಕೆ ಪಕ್ಕಾ ತಾಮ್ರ, ಬ್ಲೇಡಿಂದ ಗೀರಿದ್ರೆ ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಅದಕ್ಕೆ ಸೋಲ್ಡರ್ (ಕರಗಿಸಿ ಬೆಸುಗೆ ಹಾಕೋ ಲೋಹ) ಹಿಡಿಯಲ್ಲ, ಗುಂಡಗಾಗಿ ಉರುಳಿ ಹೋಗುತ್ತೆ. ರೋಲ್ ಕೈಗೆ ಬಂದ ತಕ್ಷಣ ಒಂದು ಗೀರು ಹಾಕಿ ನೋಡಿ, ರಿಟರ್ನ್ ಟೈಮ್ ಇರೋವಾಗ್ಲೇ.

ಎರಡನೇದು 3ಎಂ 1181. 35 ಮೈಕ್ರಾನ್ ತಾಮ್ರ, ಕಂಡಕ್ಟಿವ್ ಅಕ್ರಿಲಿಕ್ ಅಂಟು. ರೇಟ್ ಚೀಪ್ ರೋಲ್‌ಗಿಂತ ತುಂಬಾ ಪಟ್ಟು ಜಾಸ್ತಿ, ಆದ್ರೆ ಅಂಟು ಹೇಳಿದ ಹಾಗೇ ಕೆಲಸ ಮಾಡುತ್ತೆ, ಒಂದರ ಮೇಲೊಂದು ಅಂಟಿಸಿದ ಕಡೆ ಎಲ್ಲಾ ಬೀಪ್ ಬಂತು. ಗಿಟಾರಲ್ಲಿ ವೈರಿಂಗ್ ಕೂರೋ ಗುಳಿ (ಕ್ಯಾವಿಟಿ) ಒಳಗೆ ಸಣ್ಣ ಸಣ್ಣ ತುಂಡು ಹತ್ತಾರು ಅಂಟಿಸಬೇಕು, ಪ್ರತಿ ತುಂಡೂ ಪಕ್ಕದ್ದಕ್ಕೆ ಕನೆಕ್ಟ್ ಆಗಿ ಕೊನೆಗೆ ಗ್ರೌಂಡ್‌ಗೆ ಸೇರಬೇಕು, ಅಲ್ಲಿ ಈ ಟೇಪ್ ನಮ್ಮ ಕೆಲಸನ ಅರ್ಧಕ್ಕೆ ಇಳಿಸುತ್ತೆ. ಆದ್ರೆ ನಿಮ್ಮ ಹತ್ರ ಸೋಲ್ಡರಿಂಗ್ ಐರನ್ ಇದ್ರೆ, ಮಾಮೂಲಿ ಟೇಪನ್ನೇ ಹಾಕಿ ಪ್ರತಿ ಜಾಯಿಂಟಿಗೂ ಒಂದು ಹನಿ ಸೋಲ್ಡರ್ ಇಟ್ರೆ ರಿಸಲ್ಟ್ ಅಷ್ಟೇ ಚೆನ್ನಾಗಿರುತ್ತೆ, ವರ್ಷಗಟ್ಲೆ ಬಾಳಿಕೇನೂ ಅಂಟಿಗಿಂತ ಜಾಸ್ತಿ, ನನ್ನ ಓಟು ಅದಕ್ಕೇ. ಶೀಲ್ಡಿಂಗ್ ಮಾಡಿಬಿಟ್ರೆ ಹಮ್ (ಸ್ಪೀಕರಲ್ಲಿ ಕೇಳೋ ಗುಂಯ್ ಸದ್ದು) ಪೂರ್ತಿ ಹೋಗುತ್ತೆ ಅಂದ್ಕೋಬೇಡಿ. ಟ್ಯೂಬ್‌ಲೈಟ್, ಡಿಮ್ಮರ್ ಕಡೆಯಿಂದ ಬರೋ ಜುಯ್ ಅನ್ನೋ ಸದ್ದು ಕಮ್ಮಿ ಆಗುತ್ತೆ, ಟ್ರಾನ್ಸ್‌ಫಾರ್ಮರ್ ಹತ್ರ ನಿಂತಾಗ ಸಿಂಗಲ್ ಕಾಯಿಲ್ ಪಿಕಪ್ಪಿಗೆ (ತಂತಿ ಕಂಪನ ಹಿಡಿಯೋ, ಒಂದೇ ಸುರುಳಿ ಇರೋ ಭಾಗ) ಸಿಗೋ 50 ಹರ್ಟ್ಸ್ ಕಾಂತೀಯ ಹಮ್ ಹಾಗೇ ಇರುತ್ತೆ, ಯಾಕಂದ್ರೆ ಆ ಫ್ರೀಕ್ವೆನ್ಸಿಯಲ್ಲಿ ತಾಮ್ರದ ಸ್ಕಿನ್ ಡೆಪ್ತ್ (ಕಾಂತಕ್ಷೇತ್ರ ಲೋಹದೊಳಗೆ ನುಗ್ಗಿ ಕ್ಷೀಣಿಸೋಕೆ ಬೇಕಾದ ಆಳ) 9 ಎಂಎಂಗಿಂತ ಜಾಸ್ತಿ, ಈ ತೆಳು ಫಾಯಿಲ್ ಅದನ್ನ ತಡೆಯಲ್ಲ.

ಸೋಲ್ಡರ್ ಮಾಡೋವಾಗ ತಾಮ್ರಕ್ಕೆ ಏನೂ ಆಗಲ್ಲ, ಅದು ಕರಗೋದು 1085 ಡಿಗ್ರಿಗೆ, 63/37 ಸೋಲ್ಡರ್ (63 ಪಾಲು ತವರ, 37 ಪಾಲು ಸೀಸ) 183ಕ್ಕೇ ಕರಗುತ್ತೆ. ಸೋಲೋದು ಅಂಟು. ಬಿಸಿ ಹೆಚ್ಚಾದ್ರೆ ಮೆತ್ತಗಾಗಿ ಪಟ್ಟಿ ಜಾರುತ್ತೆ. ಐರನ್ ತಣ್ಣಗಿದ್ರೆ ಒಳ್ಳೇದು ಅಂತ ಕೆಲವರು ಹೇಳ್ತಾರೆ, ಅದು ತಪ್ಪು, ಆಗ ಜಾಸ್ತಿ ಹೊತ್ತು ಹಿಡೀಬೇಕಾಗುತ್ತೆ, 330-350 ಡಿಗ್ರಿಯಲ್ಲಿ ಇಟ್ಟು ಸ್ವಲ್ಪ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯೋಕೆ ಹಚ್ಚೋ ಪೇಸ್ಟ್) ಹಚ್ಚಿ ಎರಡು ಸೆಕೆಂಡಲ್ಲಿ ಮುಟ್ಟಿ ತೆಗೀಬೇಕು. ಟೇಪ್ ಕಪ್ಪಾಗಿದ್ರೆ ಪೆನ್ಸಿಲ್ ರಬ್ಬರಲ್ಲಿ ಉಜ್ಜಿದ್ರೆ ಸಾಕು. ಪೂಜೆ ಚೊಂಬು ಬೆಳಗೋ ಹಾಗೆ ಹುಣಸೆಹಣ್ಣು ಹಾಕಬೇಡಿ, ಹುಳಿ ಅಂಚಲ್ಲಿ ಉಳ್ಕೊಂಡು ಆಮೇಲೆ ಹಸಿರು ಕಟ್ಟುತ್ತೆ. ಚಿಕ್ಕ ಮಕ್ಕಳ ಕೈಗೆ ಸೀಸ ಇರೋ ಸೋಲ್ಡರ್ ಬೇಡವೇ ಬೇಡ, ಅವರಿಗೆ ಮಡಚೋದು, ಒತ್ತೋದೇ ಸರಿ.

ಮೂರನೇದು ಸ್ಟೇನ್ಡ್ ಗ್ಲಾಸ್ ಫಾಯಿಲ್, ಬಣ್ಣದ ಗಾಜಿನ ತುಂಡುಗಳ ಅಂಚಿಗೆ ಫಾಯಿಲ್ ಸುತ್ತಿ ಸೋಲ್ಡರಲ್ಲಿ ಜೋಡಿಸೋ, ಅಮೆರಿಕದ ಟಿಫಾನಿ ಲ್ಯಾಂಪ್‌ಗಳಿಂದ ಹೆಸರಾದ ಪದ್ಧತಿಗೆ ಬಳಸೋದು. ಹೆಚ್ಚಾಗಿ ಓಡೋ ಸೈಜ್ 7/32 ಇಂಚು, ಅಂದ್ರೆ ಸುಮಾರು 5.5 ಎಂಎಂ, 3 ಎಂಎಂ ಗಾಜಿನ ಅಂಚಿಗೆ ಸುತ್ತಿದ್ರೆ ಎರಡೂ ಕಡೆ ಒಂದು ಎಂಎಂ ಚಿಲ್ಲರೆ ಮಡಚೋಕೆ ಸಿಗುತ್ತೆ. ಇದರ ಹಿಂಭಾಗ ತಾಮ್ರದ ಬಣ್ಣ, ಬೆಳ್ಳಿ, ಕಪ್ಪು ಅಂತ ಮೂರು ಥರ ಬರುತ್ತೆ, ಪಾರದರ್ಶಕ ಗಾಜಾದ್ರೆ ಒಳಗಿಂದ ಆ ಬಣ್ಣವೇ ಕಾಣೋದು, ಸೋಲ್ಡರ್‌ಗೆ ಕಪ್ಪು ಪಾಟಿನಾ (ಲೋಹದ ಬಣ್ಣ ಬದಲಿಸೋ ದ್ರಾವಣ) ಹಾಕೋರು ಕಪ್ಪು ಬೆನ್ನಿನದ್ದೇ ತಗೊಳ್ಳಿ. ನನಗೆ ಈ ಫಾಯಿಲ್ ತುಂಬಾ ಇಷ್ಟ ಆಯ್ತು, ಬಳುಕುತ್ತೆ, ಮೂಲೆಯಲ್ಲಿ ಹರಿಯಲ್ಲ. ಬೆಲೆ ಜಾಸ್ತಿ, ಸರ್ಕ್ಯೂಟ್‌ಗೆ ತಗೊಳ್ಳೋ ಅಗತ್ಯ ಇಲ್ಲ.

ಯಾವುದೇ ತಗೊಳ್ಳಿ, ಸಣ್ಣ ರೋಲೇ ತಗೊಳ್ಳಿ. ಜಿಪ್ ಕವರಲ್ಲಿ ಗಾಳಿ ತೆಗೆದು ಇಡಿ, ಮಂಗಳೂರು, ಉಡುಪಿ ಕಡೆ ಇರೋರಂತೂ ತಪ್ಪದೇ ಹೀಗೆ ಇಡಿ, ಉಪ್ಪು ಗಾಳಿ ತೇವಕ್ಕೆ ತಾಮ್ರ ಬೇಗ ಕಪ್ಪಾಗುತ್ತೆ, ಹಳೇ ಅಂಟು ಒಣಗಿದ್ರೆ ಹಿಂದಿನ ಪೇಪರ್ ಬಿಡಿಸೋವಾಗ್ಲೇ ಫಾಯಿಲ್ ಹರಿದು ಬರುತ್ತೆ.