190 ರೂಪಾಯಿಯ ಬಾಚಣಿಗೆ ಮತ್ತು ಸುಬ್ಬಿಯ ಕೆರೆತ

ನಮ್ಮ ಬೆಕ್ಕು ಸುಬ್ಬಿಗೆಂದು ಕಳೆದ ವರ್ಷ ಕೊಂಡ ಸಾಮಾನುಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿತು. ಅದು ಬಸವನಗುಡಿಯ ಅಂಗಡಿಯೊಂದರಲ್ಲಿ 190 ರೂಪಾಯಿಗೆ ಸಿಕ್ಕ, ಚಿಗಟ ಹಿಡಿಯುವ ಉಕ್ಕಿನ ಬಾಚಣಿಗೆ. ಹಲ್ಲುಗಳು ಎಷ್ಟು ಒತ್ತಾಗಿವೆಯೆಂದರೆ ನಡುವೆ ಸಾಸಿವೆಕಾಳೂ ತೂರುವುದಿಲ್ಲ. ಹಿಡಿ ನೀಲಿ ಪ್ಲಾಸ್ಟಿಕ್ಕಿನದು. ಇಡೀ ಬಾಚಣಿಗೆ ಅಂಗೈಯಲ್ಲಿ ಅಡಗುತ್ತದೆ. ಪೊಟ್ಟಣ ಬಿಚ್ಚಿದಾಗ ನನ್ನ ಅತ್ತೆಯವರು ಅದನ್ನು ತಿರುಗಿಸಿ ನೋಡಿ, "ಇದು ನಮ್ಮ ಸೀರಣಿಗೆ ಅಲ್ಲವೇನಮ್ಮಾ? ಬೆಕ್ಕಿಗೂ ಬಂತೇ?" ಎಂದು ನಕ್ಕರು. ಹಿಂದೆ ಹೆಣ್ಣುಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಹೇನು, ಸೀರು ಎಳೆಯುತ್ತಿದ್ದ ಆ ಮರದ ಬಾಚಣಿಗೆಗೂ ಇದಕ್ಕೂ ತತ್ತ್ವ ಒಂದೇ. ಇಲ್ಲಿ ಬಾಚಿಸಿಕೊಳ್ಳುವವಳಿಗೆ ಉಗುರುಗಳಿವೆ ಎಂಬುದಷ್ಟೇ ವ್ಯತ್ಯಾಸ.

ಈ ಬಾಚಣಿಗೆಯ ಬೆಲೆ ಅರ್ಥವಾಗಬೇಕಾದರೆ ಅದಕ್ಕೂ ಮೊದಲು ನಾವು ಕಳೆದುಕೊಂಡ ಹಣದ ಲೆಕ್ಕವನ್ನು ಹೇಳಬೇಕು. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಸುಬ್ಬಿಯ ಕೆರೆತ ಆರಂಭವಾಯಿತು. ಮೊದಮೊದಲು ಅದನ್ನು ನಾವು ಗಮನಿಸಲೇ ಇಲ್ಲ, ಏಕೆಂದರೆ ಯಾವ ಬೆಕ್ಕು ತಾನೇ ಕೆರೆದುಕೊಳ್ಳುವುದಿಲ್ಲ? ಆದರೆ ರಾತ್ರಿ ಹಿಂಗಾಲು ನೆಲಕ್ಕೆ ಬಡಿಯುವ ದಡದಡ ಸದ್ದು ಪಕ್ಕದ ಕೋಣೆಗೂ ಕೇಳಿಸತೊಡಗಿದಾಗ, ಬಾಲದ ಬುಡದ ಮೇಲೆ ಎರಡು ಬೆರಳಗಲ ಕೂದಲು ಉದುರಿ ಚರ್ಮ ಕಾಣಿಸಿದಾಗ, ಬೆನ್ನ ಮೇಲೆ ಕೈಯಾಡಿಸಿದರೆ ರಾಗಿಕಾಳು ಚೆಲ್ಲಿದಂತೆ ಸಣ್ಣ ಸಣ್ಣ ಗುಳ್ಳೆಗಳು ಬೆರಳಿಗೆ ತಾಕಿದಾಗ ಗಾಬರಿಯಾಯಿತು. ಸುಬ್ಬಿ ಮನೆಯಿಂದ ಹೊರಗೆ ಹೋಗುವವಳಲ್ಲ. ನಾವಿರುವುದು ಎರಡನೆಯ ಮಹಡಿಯಲ್ಲಿ. ಆದ್ದರಿಂದ ಚಿಗಟವಿರಬಹುದೆಂಬ ಯೋಚನೆಯೇ ನಮಗೆ ಬರಲಿಲ್ಲ. ಆಹಾರದ ಅಲರ್ಜಿ, ಒಣಚರ್ಮ, ಮನಸ್ಸಿನ ಬೇಸರ ಎಂದು ತಲೆಗೊಂದು ಮಾತು ಹೇಳಿಕೊಂಡು 450 ರೂಪಾಯಿಯ ಶಾಂಪೂ ತಂದೆವು, ಮೀನೆಣ್ಣೆಯ ಗುಳಿಗೆ ತಂದೆವು, ಊಟದ ಬ್ರಾಂಡನ್ನು ಎರಡು ಬಾರಿ ಬದಲಾಯಿಸಿದೆವು. ಮನೆಯ ಹತ್ತಿರದ ಒಂದು ಚಿಕಿತ್ಸಾಲಯದಲ್ಲಿ ಬೆಕ್ಕನ್ನು ಬುಟ್ಟಿಯಿಂದ ಪೂರ್ತಿ ಹೊರಗೆ ತೆಗೆಯದೆಯೇ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟು ಕಳುಹಿಸಿದರು. ತುರಿಕೆ ಹತ್ತು ದಿನ ಮಾಯವಾಗಿ ಹನ್ನೊಂದನೆಯ ದಿನ ಮರಳಿತು. ಸ್ಟೆರಾಯ್ಡ್ ತುರಿಕೆಯನ್ನು ಅಡಗಿಸುತ್ತದೆಯೇ ಹೊರತು ಅದರ ಕಾರಣವನ್ನಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು.

ಇದಕ್ಕಿಂತ ಅಪಾಯದ ಪ್ರಸಂಗ ಇನ್ನೊಂದು ಅಂಗಡಿಯಲ್ಲಿ ನಡೆಯಿತು. ಅಲ್ಲಿನ ಹುಡುಗ ನಾಯಿಗಳ ಕುತ್ತಿಗೆಗೆ ಹಾಕುವ ಔಷಧಿಯ ಟ್ಯೂಬೊಂದನ್ನು ಕೊಟ್ಟು, "ಅರ್ಧ ಹಾಕಿ ಮೇಡಂ, ಬೆಕ್ಕಿಗೂ ಇದೇ ನಡೆಯುತ್ತೆ" ಎಂದ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಓದಿದರೆ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಪರ್ಮೆಥ್ರಿನ್ ಎಂದಿತ್ತು. ನಾಯಿಯ ದೇಹ ತಾಳಿಕೊಳ್ಳುವ ಈ ಕೀಟನಾಶಕವನ್ನು ಬೆಕ್ಕಿನ ಯಕೃತ್ತು ಅರಗಿಸಲಾರದು. ಮೈನಡುಕ, ಸೆಳವು, ಕೊನೆಗೆ ಸಾವೂ ಸಂಭವಿಸಬಹುದು. ಅರ್ಧ ಹಾಕಿದರೆ ಅಪಾಯವೂ ಅರ್ಧವಾಗುವುದಿಲ್ಲ. ಹಿತೈಷಿಗಳು ಸೂಚಿಸಿದ ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ, ಟೀ ಟ್ರೀ ಎಣ್ಣೆಗಳೂ ಇದೇ ಸಾಲಿಗೆ ಸೇರುತ್ತವೆ, ಏಕೆಂದರೆ ಮೈಗೆ ಹಚ್ಚಿದ್ದನ್ನೆಲ್ಲ ಬೆಕ್ಕು ನೆಕ್ಕಿ ಹೊಟ್ಟೆಗೆ ಸೇರಿಸುತ್ತದೆ. ನೆಲ ಒರೆಸುವ ಫಿನಾಯಿಲನ್ನು ನಮ್ಮ ಮನೆಯಿಂದ ಹೊರಗೆ ಹಾಕಿದ್ದೂ ಆಗಲೇ.

ಬಾಚಣಿಗೆಯನ್ನು ನಾನು ಮೊದಲು ಕಂಡದ್ದು ಜಯನಗರದ ಕಡೆಯ ಮತ್ತೊಬ್ಬ ವೈದ್ಯೆಯ ಮೇಜಿನ ಮೇಲೆ. ಹೆಬ್ಬಾಳದಲ್ಲಿ 1958ರಿಂದಿರುವ ಪಶುವೈದ್ಯಕೀಯ ಕಾಲೇಜಿಗೇ ಹೋಗೋಣವೆಂದು ನನ್ನ ಯಜಮಾನರು ಹೇಳಿದ್ದರಾದರೂ, ನಗರದ ದಕ್ಷಿಣದಿಂದ ಉತ್ತರದ ತನಕ ಕಿರುಚುವ ಬೆಕ್ಕನ್ನು ಆಟೋದಲ್ಲಿ ಒಯ್ಯುವ ಧೈರ್ಯ ನನಗಿರಲಿಲ್ಲ. ಈ ವೈದ್ಯೆ ಔಷಧಿಯ ಮಾತನ್ನೇ ಎತ್ತದೆ, ಸುಬ್ಬಿಯನ್ನು ಟವೆಲ್ಲಿನ ಮೇಲೆ ನಿಲ್ಲಿಸಿ, ಬಾಲದ ಬುಡದಿಂದ ನಾಲ್ಕು ಸಲ ಬಾಚಿದರು. ಹಲ್ಲುಗಳಲ್ಲಿ ಸಿಕ್ಕಿದ್ದು ಒಂದಿಷ್ಟು ಕೂದಲು ಮತ್ತು ಕರಿಮೆಣಸಿನ ಪುಡಿಯಂಥ ಕಪ್ಪು ಚೂರುಗಳು. ಜೀವವಿದ್ದ ಒಂದೂ ಹುಳುವಿರಲಿಲ್ಲ. "ಬರೀ ಧೂಳು" ಎಂದೆ. ಅವರು ಆ ಚೂರುಗಳನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿ ಒಂದು ನಿಮಿಷ ಸುಮ್ಮನಿದ್ದರು. ಪ್ರತಿಯೊಂದು ಕಪ್ಪು ಚುಕ್ಕೆಯ ಸುತ್ತಲೂ ಕಂದುಗೆಂಪು ಬಣ್ಣ ನಿಧಾನವಾಗಿ ಹರಡಿತು. ಧೂಳಾಗಿದ್ದರೆ ಬಣ್ಣ ಬಿಡುತ್ತಿರಲಿಲ್ಲ. ಅದು ಚಿಗಟದ ಹಿಕ್ಕೆ, ಅಂದರೆ ಅರಗಿ ಒಣಗಿದ ಸುಬ್ಬಿಯದೇ ರಕ್ತ. ಎರಡು ತಿಂಗಳಲ್ಲಿ ನಾವು ಮಾಡಿದ ಎಲ್ಲ ಖರ್ಚೂ ಬೆಕ್ಕಿನ ಮೈಯನ್ನು ಒಮ್ಮೆಯೂ ಸರಿಯಾಗಿ ನೋಡದೆ ಮಾಡಿದ್ದೆಂದು ಆ ಹತ್ತಿಯ ತುಣುಕಿನ ಮುಂದೆ ನನಗೆ ನಾಚಿಕೆಯಾಯಿತು. ಹಿಂತಿರುಗುವಾಗ ಅಂಥದೇ ಬಾಚಣಿಗೆಯನ್ನು ಕೊಂಡು ತಂದೆ.

ಚಿಗಟ ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿದೆ. ಚಿಗಟದ ಜೊಲ್ಲಿಗೆ ಅಲರ್ಜಿಯಿರುವ ಬೆಕ್ಕಿಗೆ ಕೆಲವೇ ಕಡಿತಗಳು ಸಾಕು. ತುರಿಕೆ ಹೆಚ್ಚಿದಷ್ಟೂ ಅದು ಮೈ ನೆಕ್ಕುತ್ತದೆ, ನೆಕ್ಕುವಾಗ ಚಿಗಟಗಳನ್ನೇ ನುಂಗಿಬಿಡುತ್ತದೆ. ಹಾಗೆ ನುಂಗಿದ ಚಿಗಟದಿಂದ ಲಾಡಿಹುಳುವೂ ಬರಬಹುದಾದ್ದರಿಂದ, ಬಾಲದ ಕೆಳಗೆ ಅಕ್ಕಿಕಾಳಿನಂಥ ತುಣುಕು ಅಂಟಿಕೊಂಡಿದೆಯೇ ಎಂದೂ ವೈದ್ಯೆ ನೋಡಿದರು. ಎರಡನೆಯ ಮಹಡಿಗೆ ಚಿಗಟ ಬಂದ ದಾರಿಯೂ ಸ್ಪಷ್ಟವಾಯಿತು: ಅಡುಗೆಮನೆಯ ಕಿಟಕಿಯ ಹೊರಗಿನ ಸಜ್ಜೆಯ ಮೇಲೆ ದಿನವೂ ಮಲಗುವ ಬೀದಿಯ ಗಂಡುಬೆಕ್ಕಿಗೂ ನಮ್ಮವಳಿಗೂ ನಡುವೆ ಇರುವುದು ಒಂದು ಕಿಟಕಿಯ ಸರಳಷ್ಟೇ.

ಬಾಚಣಿಗೆಯ ಪೊಟ್ಟಣದ ಮೇಲೆ ಚಿಗಟಗಳನ್ನು ಸಂಪೂರ್ಣವಾಗಿ ನಿರ್ಮೂಲ ಮಾಡುತ್ತದೆಂದು ಅಚ್ಚು ಹಾಕಿರುವುದು ಶುದ್ಧ ಸುಳ್ಳು. ಬಾಚಣಿಗೆಗೆ ಸಿಗುವುದು ಬೆಕ್ಕಿನ ಮೈಮೇಲಿರುವ ದೊಡ್ಡ ಚಿಗಟ ಮಾತ್ರ. ಅದರ ಮೊಟ್ಟೆಗಳು ನುಣುಪಾಗಿರುವುದರಿಂದ ಕೂದಲಿನಿಂದ ಜಾರಿ ಹಾಸಿಗೆ, ಜಮಖಾನ, ಸೋಫಾದ ಸಂದಿಗಳಿಗೆ ಬೀಳುತ್ತವೆ; ಅಲ್ಲಿ ಮರಿಹುಳುವಾಗಿ, ಗೂಡು ಕಟ್ಟಿಕೊಂಡು, ಹತ್ತಿರದಲ್ಲಿ ಓಡಾಟದ ಕಂಪನವೋ ಮೈಬಿಸಿಯೋ ತಾಕಿದಾಗ ಹೊರಬರುತ್ತವೆ. ಗೂಡಿನೊಳಗಿರುವಾಗ ಕೀಟನಾಶಕವೂ ಅವಕ್ಕೆ ಸರಿಯಾಗಿ ತಟ್ಟುವುದಿಲ್ಲ. ಹೀಗಾಗಿ ನಿಜವಾದ ಚಿಕಿತ್ಸೆಯೆಂದರೆ ವೈದ್ಯೆ ಬರೆದುಕೊಟ್ಟ, ಬೆಕ್ಕಿಗೆಂದೇ ತಯಾರಿಸಿದ ಫಿಪ್ರೋನಿಲ್ ಮತ್ತು ಮೆಥೋಪ್ರೀನ್ ಇರುವ ಹನಿಗಳು. ಕುತ್ತಿಗೆಯ ಹಿಂಭಾಗದಲ್ಲಿ, ನಾಲಿಗೆಗೆ ಎಟುಕದ ಕಡೆ, ಕೂದಲನ್ನು ಬಿಡಿಸಿ ಚರ್ಮದ ಮೇಲೆಯೇ ಅವನ್ನು ತಿಂಗಳಿಗೊಮ್ಮೆಯಂತೆ ಮೂರು ತಿಂಗಳು ಹಾಕಿದೆವು. ಫಿಪ್ರೋನಿಲ್ ದೊಡ್ಡ ಚಿಗಟವನ್ನು ಕೊಂದರೆ, ಮೆಥೋಪ್ರೀನ್ ಮೊಟ್ಟೆ ಮತ್ತು ಮರಿಗಳು ಬೆಳೆಯದಂತೆ ತಡೆಯುತ್ತದೆ. ಜೊತೆಗೆ ಸುಬ್ಬಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು, ಅತ್ತೆಯವರ ಮದುವೆಯ ಕಾಲದ ಜಮಖಾನವನ್ನು ದಿವಾನದ ಕೆಳಗಿನಿಂದ ಎಳೆದು ಟೆರೇಸಿಗೆ ಸಾಗಿಸಿದೆವು. ಅವರಿಗೆ ಇದು ಇಷ್ಟವಾಗಲಿಲ್ಲ.

ಇಲ್ಲಿಯೇ ಬಾಚಣಿಗೆ ತನ್ನ ಬೆಲೆಯನ್ನು ತೀರಿಸಿತು. ಪ್ರತಿ ಭಾನುವಾರ ಬೆಳಿಗ್ಗೆ ಕತ್ತಿನಿಂದ ಬಾಲದವರೆಗೆ, ಆಮೇಲೆ ಹೊಟ್ಟೆಯ ಕಡೆ, ಕೂದಲಿನ ದಿಕ್ಕಿನಲ್ಲಿಯೇ ಬಾಚಿ, ಸಿಕ್ಕಿದ್ದನ್ನು ಸೋಪು ಕದಡಿದ ನೀರಿನ ಬಟ್ಟಲಿಗೆ ಅದ್ದುತ್ತಿದ್ದೆ. ಬರೀ ನೀರಾದರೆ ಚಿಗಟ ತೇಲಿ, ಹಾರಿ ಪಾರಾಗುತ್ತದೆ; ಸೋಪಿನ ನೀರಿನಲ್ಲಿ ಮುಳುಗುತ್ತದೆ. ಮನೆಯಲ್ಲಿ ಮೊದಲ ಭಾನುವಾರ ಏಳು ಚಿಗಟ ಸಿಕ್ಕವು. ಹನಿ ಹಾಕಿದ ಎರಡು ವಾರಗಳ ಮೇಲೂ ಮೂರು ಸಿಕ್ಕಾಗ ಔಷಧಿ ನಕಲಿಯೆಂದು ಸಿಟ್ಟಾದೆ. ಅವು ಗೂಡುಗಳಿಂದ ಹೊಸದಾಗಿ ಹೊರಬಂದವು, ನಿಲ್ಲಿಸಬೇಡಿ ಎಂದು ವೈದ್ಯೆ ಫೋನಿನಲ್ಲಿ ಸಮಾಧಾನ ಹೇಳಿದರು. ಮೂರನೆಯ ತಿಂಗಳಲ್ಲಿ ಒದ್ದೆ ಹತ್ತಿ ಬಿಳಿಯಾಗಿಯೇ ಉಳಿಯಿತು. ಬಾಲದ ಬುಡದಲ್ಲಿ ಕೂದಲು ಅಷ್ಟರಲ್ಲಾಗಲೇ ಮೂಡತೊಡಗಿತ್ತು.

ದೋಷಗಳು ಇಲ್ಲದಿಲ್ಲ. ಹಿಡಿ ಗಿಡ್ಡವಾಗಿರುವುದರಿಂದ ಐದು ನಿಮಿಷಕ್ಕೆ ಬೆರಳು ನೋಯುತ್ತದೆ. ಹಲ್ಲುಗಳನ್ನು ಪ್ಲಾಸ್ಟಿಕ್ಕಿಗೆ ಬರೀ ಅಂಟಿನಿಂದ ಕೂರಿಸಿದ್ದಾರೆಂದು ಕಾಣುತ್ತದೆ; ಬಿಸಿನೀರಿನಲ್ಲಿ ತೊಳೆದು ತೊಳೆದು ಐದನೆಯ ತಿಂಗಳಿಗೆ ತುದಿಯ ಎರಡು ಹಲ್ಲು ಸಡಿಲಗೊಂಡವು, ಅಲ್ಲಿ ಕೂದಲು ಸಿಕ್ಕಿ ಎಳೆದಾಗ ಸುಬ್ಬಿ ನನ್ನ ಮಣಿಕಟ್ಟಿಗೆ ಬರೆ ಎಳೆದಳು. ನಮ್ಮವಳದು ಗಿಡ್ಡ ಕೂದಲು. ಪರ್ಷಿಯನ್ ಬೆಕ್ಕು ಸಾಕಿರುವ ನಮ್ಮ ಕೆಳಗಿನ ಮನೆಯವರಿಗೆ ಇದು ಸ್ವಲ್ಪವೂ ಪ್ರಯೋಜನಕ್ಕೆ ಬರಲಿಲ್ಲ. ಅಗಲ ಹಲ್ಲಿನ ಬಾಚಣಿಗೆಯಿಂದ ಮೊದಲು ಸಿಕ್ಕು ಬಿಡಿಸದಿದ್ದರೆ ಇದು ಒಂದಂಗುಲವೂ ಮುಂದೆ ಹೋಗುವುದಿಲ್ಲ. ಆದರೆ ಎಂಟು ವಾರ ತುಂಬದ ಮರಿಗಳಿರುವ ಮನೆಯಲ್ಲಿ ಇದು ಇರಲೇಬೇಕು. ಅಷ್ಟು ಎಳೆಯವಕ್ಕೆ ಈ ಹನಿಗಳನ್ನು ಹಾಕುವಂತಿಲ್ಲ, ಚಿಗಟ ಹೆಚ್ಚಾದರೆ ರಕ್ತಹೀನತೆಯಿಂದ ಮರಿಗಳು ಸಾಯುವುದೂ ಉಂಟು.

ಬಾಚಣಿಗೆಗೆ ಏನೂ ಸಿಗದಿದ್ದರೆ ತುರಿಕೆಯ ಕಾರಣ ಬೇರೆ ಕಡೆ ಇರಬಹುದು. ಕಿವಿಯನ್ನೇ ಕೆರೆಯುತ್ತಿದ್ದು, ಒಳಗೆ ಕಾಫಿ ಫಿಲ್ಟರಿನಲ್ಲಿ ಉಳಿಯುವ ಚರಟದಂಥ ಕೊಳೆ ಕಂಡರೆ ಕಿವಿಯ ನುಸಿಯೆಂದು ಅನುಮಾನಿಸಬೇಕು. ದುಂಡಗೆ ಕೂದಲು ಉದುರಿ ಹೊಪ್ಪಳೆಯೆದ್ದಿದ್ದರೆ ಅದು ಹುಳುಕಡ್ಡಿಯಾಗಿರಬಹುದು. ಅದು ಮನೆಯವರಿಗೂ ಅಂಟುವುದರಿಂದ ಆ ಬೆಕ್ಕಿಗೆ ಬಳಸಿದ ಬಾಚಣಿಗೆಯನ್ನು ಇನ್ನೊಂದಕ್ಕೆ ಮುಟ್ಟಿಸಬಾರದು. ಮುಖ, ಕತ್ತುಗಳಲ್ಲಿ ವರ್ಷವಿಡೀ ತುರಿಕೆಯಿದ್ದರೆ ಆಹಾರದ ಅಲರ್ಜಿಯನ್ನು ಪರೀಕ್ಷಿಸಲು ಹಿಂದೆಂದೂ ತಿನ್ನದ ಒಂದೇ ಬಗೆಯ ಮಾಂಸಾಹಾರವನ್ನು ಎಂಟು ವಾರ ಕೊಟ್ಟು ನೋಡಬೇಕಾಗುತ್ತದೆ. ಎರಡು ಬಾರಿ ಬ್ರಾಂಡ್ ಬದಲಾಯಿಸಿ ನಾವು ಮಾಡಿದ್ದೇವೆಂದುಕೊಂಡಿದ್ದ ಪರೀಕ್ಷೆ ಅದಾಗಿರಲೇ ಇಲ್ಲ; ಮೇಲಾಗಿ ಅತ್ತೆಯವರು ಊಟವಾದ ಮೇಲೆ ಗುಟ್ಟಾಗಿ ಮೊಸರನ್ನ ಇಡುವ ಮನೆಯಲ್ಲಿ ಅದು ಎಷ್ಟು ಸಾಧ್ಯವೆಂದು ನಾನು ಹೇಳಲಾರೆ.

ಈಗ ಹಲ್ಲು ಹಿಡಿಯ ಒಳಗಿನ ತನಕ ಇಳಿದಿರುವ, ಮರದ ಹಿಡಿಯ ಇನ್ನೊಂದು ಬಾಚಣಿಗೆಯನ್ನು 260 ರೂಪಾಯಿಗೆ ತಂದಿದ್ದೇನೆ. ಕೊಳ್ಳುವವರು ಇದನ್ನೇ ಕೊಳ್ಳಲಿ. 70 ರೂಪಾಯಿ ಉಳಿಸಲು ಹೋಗಿ ನನ್ನಂತೆ ಮಣಿಕಟ್ಟಿಗೆ ಬರೆ ಹಾಕಿಸಿಕೊಳ್ಳುವುದು ಬೇಡ. ಹಳೆಯ ನೀಲಿ ಬಾಚಣಿಗೆ ಸಜ್ಜೆಯ ಮೇಲಿನ ಗಂಡುಬೆಕ್ಕಿಗೆಂದು ಕಿಟಕಿಯ ಮೊಳೆಗೆ ನೇತಾಡುತ್ತಿದೆ, ಆದರೆ ಅವನು ಇನ್ನೂ ಕೈಗೆ ಸಿಕ್ಕಿಲ್ಲ.